ತಂತಿಯ ತುದಿಯಲ್ಲಿದ್ದ ಮನುಷ್ಯ

ಗಾಳಿಪಟ ಹಾರಿಸಿದ್ದೀರಲ್ವಾ? ಇವತ್ತು ಅಂಥದ್ದೇ ಒಂದು ದಾರದ ಕಥೆ. ಆದ್ರೆ ಈ ದಾರದ ತುದಿಯಲ್ಲಿರೋದು ಕ್ಷಿಪಣಿ.

1973ರ ಅಕ್ಟೋಬರ್ 6. ಈಜಿಪ್ಟ್ ಸೈನಿಕರು ಸೂಯೆಜ್ ಕಾಲುವೆ ದಾಟಿದರು. ಕೆಲವರ ಬಳಿ ಸೂಟ್‌ಕೇಸಿನಂಥ ಪೆಟ್ಟಿಗೆ ಇತ್ತು. ಅದರೊಳಗೆ ಸೋವಿಯತ್ ಒಕ್ಕೂಟದ 'ಮಾಲ್ಯುತ್ಕಾ', ಅಂದ್ರೆ 'ಪುಟಾಣಿ'. ತೂಕ ಸುಮಾರು 11 ಕೆಜಿ. ಎರಡು ದಿನ ಕಳೆದು ಇಸ್ರೇಲಿನ ಟ್ಯಾಂಕ್‌ಗಳು ಪ್ರತಿದಾಳಿಗೆ ನುಗ್ಗಿದಾಗ, ಈ ಪುಟಾಣಿ ಮತ್ತು ಆರ್‌ಪಿಜಿ ಸೇರಿ ಅವನ್ನು ತಡೆದವು. ಜಗತ್ತಿನ ಸೈನ್ಯಗಳೆಲ್ಲ ಬೆಚ್ಚಿಬಿದ್ದವು.

ಇದು ಕೆಲಸ ಮಾಡೋದು ಹೇಗೆ? ಕ್ಷಿಪಣಿ ಹಾರುತ್ತಾ ಹಿಂದೆ ತೆಳ್ಳಗಿನ ತಂತಿ ಬಿಚ್ಚಿಕೊಂಡು ಹೋಗುತ್ತೆ. ಆದೇಶ ಹೋಗೋದು ಅದರಲ್ಲೇ. ರೇಡಿಯೋ ಆದ್ರೆ ಶತ್ರು ಜಾಮ್ ಮಾಡಬಹುದು, ತಂತಿಯನ್ನು ಹಾಗೆ ಮಾಡೋಕಾಗಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನ್ನರು ಎಕ್ಸ್-7ರಲ್ಲಿ ಮಾಡಿದ್ದ ಪ್ರಯೋಗ ಇದೇ. ಅದನ್ನು ಸೈನ್ಯದ ಕೈಗೆ ಕೊಟ್ಟಿದ್ದು 1950ರ ದಶಕದ ಫ್ರಾನ್ಸ್.

ಸಮಸ್ಯೆ ಇದ್ದದ್ದು ಈ ಕಡೆ ತುದಿಯಲ್ಲಿ. ಪುಟಾಣಿ 3 ಕಿಲೋಮೀಟರ್ ಹಾರೋಕೆ ಸುಮಾರು 25 ಸೆಕೆಂಡ್ ಬೇಕು. ಅಷ್ಟೂ ಹೊತ್ತು ಆ ಸೈನಿಕ ಕ್ಷಿಪಣಿಯನ್ನೂ ನೋಡಬೇಕು, ಟ್ಯಾಂಕನ್ನೂ ನೋಡಬೇಕು, ಜಾಯ್‌ಸ್ಟಿಕ್ಕನ್ನೂ ಆಡಿಸಬೇಕು. ಕೈ ನಡುಗಿದ್ರೆ ಕ್ಷಿಪಣಿ ಮರಳಿಗೆ. ಇಸ್ರೇಲಿಗಳು ಬೇಗ ಪಾಠ ಕಲಿತರು. ಕ್ಷಿಪಣಿಗೆ ಹೊಡೆಯೋಕಾಗಲ್ಲ, ಅದು ಹೊರಟ ಜಾಗಕ್ಕೆ ಗುಂಡಿನ ಮಳೆ ಸುರಿಸಿ!

ಇಂಜಿನಿಯರುಗಳು ಅವನ ಹೊರೆ ಇಳಿಸಿದರು. ಅಮೆರಿಕದ ಟೋ, ಯುರೋಪಿನ ಮಿಲನ್ ಬಂದವು. ಗುರಿಯ ಮೇಲೆ ಕಣ್ಣಿಟ್ಟರೆ ಸಾಕು, ತಿದ್ದೋ ಕೆಲಸ ಉಪಕರಣದ್ದು. ಮಿಲನ್ ನಮ್ಮ ಹೈದರಾಬಾದಿನ ಭಾರತ್ ಡೈನಾಮಿಕ್ಸ್‌ನಲ್ಲೂ ತಯಾರಾಯಿತು. ಆದ್ರೆ ಅವನು ಜಾಗ ಬಿಟ್ಟು ಏಳೋ ಹಾಗಿರಲಿಲ್ಲ. ಕೊನೆಗೆ ತಂತಿಯನ್ನೇ ತೆಗೆದರು. ನಮ್ಮ 'ನಾಗ್' ಅಂಥದ್ದು: ಹಾರಿಸಿ, ಮರೆತುಬಿಡಿ.

ಕಥೆ ಮುಗೀತು ಅಂದ್ಕೊಂಡ್ರಾ? ಉಕ್ರೇನ್ ನೋಡಿ. ಜಾಮಿಂಗ್ ಜಾಸ್ತಿಯಾದ ಮೇಲೆ ಡ್ರೋನ್‌ಗಳು ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತಾ ಹಾರುತ್ತಿವೆ. ದಾರ ವಾಪಸ್ ಬಂತು!

ನನ್ನನ್ನು ಕಾಡೋದು ಇದು. 'ಮರೆತುಬಿಡಿ' ಅನ್ನೋ ಕ್ಷಿಪಣಿ ಸೈನಿಕನ ಜೀವ ಉಳಿಸುತ್ತೆ, ಒಪ್ಪೋಣ. ಆದ್ರೆ ದಾರ ಇದ್ದಾಗ, 'ಬೇಡ, ತಪ್ಪು ಗುರಿ' ಅಂತ ಕೊನೇ ಗಳಿಗೆಯಲ್ಲಿ ತಿರುಗಿಸೋ ಅವಕಾಶ ಮನುಷ್ಯನ ಕೈಯಲ್ಲಿತ್ತು. ನಾಳೆ ಗುರಿ ಆರಿಸೋದೂ ಯಂತ್ರವೇ ಆದ್ರೆ, ಆ 'ಬೇಡ' ಹೇಳೋರು ಯಾರು? ಯೋಚನೆ ಮಾಡಿ.