ದ್ರಾಕ್ಷಾರಸದ ಸೀಸೆಯೂ ಬಿರಡೆತಿರುಪೂ
(ಶತಮಾನೋತ್ಸವದ ಅಂಗವಾಗಿ ಪೀಠಸೇವಕರಿಗೂ ದೇವಾಲಯದ ಪರಿಚಾರಕರಿಗೂ ವಿಚಾರಣೆ ಗುರುಗಳು ನೀಡಿದ ಭಾಷಣ)



ಧರ್ಮಕೇಂದ್ರದ ಚರಿತ್ರೆಯನ್ನು ಹೇಳಬಲ್ಲವರು ಈ ವೇದಿಕೆಯಲ್ಲಿ ಅನೇಕರಿದ್ದಾರೆ. ನಾವು ಹೇಳಬಯಸುವುದು ಪೂಜೆಗೆ ಮುನ್ನ ನಡೆಯುವ ಒಂದು ಚಿಕ್ಕ ಕೆಲಸವನ್ನು ಕುರಿತು: ದ್ರಾಕ್ಷಾರಸದ ಸೀಸೆಯ ಬಿರಡೆಯನ್ನು ತೆಗೆಯುವುದು. ನಗಬೇಡಿ. ಹಳೇಕೋಟೆಯಲ್ಲಿ ಒಂದು ಸೀಸೆ ಕೆಟ್ಟರೆ ಮತ್ತೊಂದು ಪಕ್ಕದ ಅಂಗಡಿಯಲ್ಲಿ ದೊರೆಯದು.

ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ಆದುದಾಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 924ನೆಯ ವಿಧಿ. ದ್ರಾಕ್ಷಿ ಯಾವ ಸೀಮೆಯದಾದರೂ ಸರಿ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿಯೂ ಸಲ್ಲುತ್ತದೆ. ಕ್ರಿಸ್ಮಸ್ಸಿಗೆ ಮನೆಯಲ್ಲಿ ಮಾಡುವ ಅನಾನಸಿನ ವೈನು ಎಷ್ಟು ರುಚಿಯಾಗಿದ್ದರೂ ಸಲ್ಲದು. ಹುಳಿಯೇರಿ ವಿನೆಗರ್ ಆದುದೂ ಸಲ್ಲದು. ಹುಳಿಯೇರಲು ಗಾಳಿ ಬೇಕು. ಅದನ್ನು ತಡೆದಿರುವುದು ಬಿರಡೆ.

ಈ ಬಿರಡೆ ಮರದ ತುಂಡಲ್ಲ, ತೊಗಟೆ. ಪೋರ್ಚುಗಲ್, ಸ್ಪೇನ್ ದೇಶಗಳಲ್ಲಿ ಒಂದು ಜಾತಿಯ ಓಕ್ ಮರವನ್ನು ಕಡಿಯದೆ, ಸುಮಾರು 9 ವರ್ಷಗಳಿಗೊಮ್ಮೆ ಅದರ ತೊಗಟೆಯನ್ನು ಸುಲಿಯುತ್ತಾರೆ. ತೇವವಿದ್ದರೆ ಬಿರಡೆ ಗಾಜಿಗೆ ಬಿಗಿದು ನಿಲ್ಲುತ್ತದೆ. ಒಣಗಿದರೆ ಕುಗ್ಗಿ ಪುಡಿಯಾಗುತ್ತದೆ. ಆದುದರಿಂದ ಬಹುಕಾಲ ಇಡುವ ಸೀಸೆಯನ್ನು ತಂಪಾದ ಕಡೆ ಮಲಗಿಸಿಡಬೇಕು. ಏಪ್ರಿಲ್ ಸೆಕೆಯಲ್ಲಿ ಬೀರುವಿನ ಮೇಲೆ ನಿಲ್ಲಿಸುವುದು ಬೇಡ.

ಬಿರಡೆತಿರುಪಿಗೆ ಇಂಗ್ಲೆಂಡಿನಲ್ಲಿ 1795ರಲ್ಲಿ ಪೇಟೆಂಟ್ ಪಡೆದವರು ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಆಂಗ್ಲಿಕನ್ ಪಾದ್ರಿಗಳು. ಗುರುಗಳಿಗೆ ಈ ಚಿಂತೆ ಏಕೆ ಬಂತೆಂದು ನಮಗೆ ಆಶ್ಚರ್ಯವಿಲ್ಲ! ತಿರುಪಿನ ಮೇಲ್ಭಾಗದಲ್ಲಿ ಅವರು ಒಂದು ಬಿಲ್ಲೆಯನ್ನಿಟ್ಟರು. ಅದು ಬಿರಡೆಯ ತಲೆಗೆ ತಾಗಿದ ಮೇಲೂ ತಿರುಗಿಸಿದರೆ ಬಿರಡೆಯೇ ತಿರುಗಿ, ಗಾಜಿನ ಹಿಡಿತ ಸಡಿಲುತ್ತದೆ. ನೀವು ಕೊಳ್ಳುವಾಗ ಮಾತ್ರ ತಿರುಪಿನ ತಂತಿಯನ್ನು ನೋಡಿಕೊಳ್ಳಿ. ಸುರುಳಿಯ ನಡುವೆ ಬೆಂಕಿಕಡ್ಡಿ ತೂರುವಷ್ಟು ಟೊಳ್ಳಿರಬೇಕು. ನಡುವೆ ಗಟ್ಟಿ ಕಂಬಿಯಿದ್ದರೆ ಅದು ಬಿರಡೆಯನ್ನು ಎಳೆಯದೆ ಕೊರೆದು ಹಾಕುತ್ತದೆ.

ತೆರೆಯುವ ವಿಧಾನ ಹೀಗೆ. ಸೀಸೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಕಂಠದ ತಗಡನ್ನು ಕತ್ತರಿಸಿ ತೆಗೆದು, ಬಾಯನ್ನು ಒರೆಸಿರಿ. ತುದಿಯನ್ನು ಬಿರಡೆಯ ನಟ್ಟನಡುವೆ ಊರಿ ನೇರವಾಗಿ ಬಲಕ್ಕೆ ತಿರುಗಿಸಿರಿ. ಒಂದು ಸುತ್ತು ಉಳಿದಿರುವಾಗ ನಿಲ್ಲಿಸಿರಿ. ಬಿರಡೆಯ ತಳವನ್ನು ತೂತುಮಾಡಿದರೆ ಚೂರುಗಳು ಒಳಗೆ ಬೀಳುತ್ತವೆ. ಆಮೇಲೆ ನೇರವಾಗಿ ಮೇಲಕ್ಕೆ, ನಿಧಾನವಾಗಿ. ಮೊಣಕಾಲುಗಳ ನಡುವೆ ಸೀಸೆಯನ್ನಿಟ್ಟು ಜಗ್ಗುವ ಶೂರತನ ಬೇಡ.

ಬಿರಡೆ ಅರ್ಧಕ್ಕೆ ಮುರಿದರೆ ತಿರುಪನ್ನು ಓರೆಯಾಗಿ ಹಾಕಿ ಮತ್ತೆ ಪ್ರಯತ್ನಿಸಬಹುದು. ಅದೂ ಆಗದಿದ್ದರೆ ಒಳಕ್ಕೆ ತಳ್ಳಿ, ಶುಭ್ರವಾದ ಒಗೆದ ಬಟ್ಟೆಯಲ್ಲಿ ಸೋಸಿ, ಒಣಗಿದ ಸೀಸೆಗೆ ತುಂಬಿರಿ. ತೊಗಟೆಯ ಚೂರಿನಿಂದ ದ್ರಾಕ್ಷಾರಸ ಅಸಿಂಧುವಾಗುವುದಿಲ್ಲ. ಆದುದರಿಂದ ಗಾಬರಿಗೊಂಡು ಚೆಲ್ಲಬೇಡಿ. ಮಾರನೆಯ ದಿನ ಪೂಜೆಯೇ ಇಲ್ಲದಂತಾದೀತು.

ಈ ಕೆಲಸ ಶನಿವಾರ ಸಂಜೆಯೇ ಮುಗಿಯಲಿ; ಗಂಟೆ ಹೊಡೆದ ಮೇಲೆ ಅಲ್ಲ. ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಿರಿ. ವಾರಗಳು ಕಳೆದಿದ್ದರೆ ಮೂಸಿ ನೋಡಿ, ಸಂಶಯವಿದ್ದಲ್ಲಿ ನಮಗೆ ತಿಳಿಸಿರಿ. ಬಿರಡೆತಿರುಪನ್ನು ಪೂಜಾಸಾಮಗ್ರಿಯ ಕೋಣೆಯಲ್ಲಿ, ಬೀಗದ ಕೈಗಳ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಬಳಸಿದವರು ಒರೆಸಿ ಅಲ್ಲಿಯೇ ಇಡಬೇಕಾಗಿ ಕೋರುತ್ತೇವೆ.