ಕಾರ್ಖಾನೆಗೆ ನೆರವು ಸರಿ, ಕಾರ್ಮಿಕನಿಗೇನು?

(ಮೈಸೂರಿನ ರಾಮಕೃಷ್ಣನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವಿಂದು ಸೇರಿರುವ ಈ ಬಡಾವಣೆಯಿಂದ ಯಾದವಗಿರಿ ಕೆಲವೇ ಕಿಲೋಮೀಟರ್ ದೂರ. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಅಲ್ಲಿಯೇ. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಮೊದಲು ಜಾವಾ, ಬಳಿಕ ಯೆಜ್ದಿ ಎಂಬ ಹೆಸರಿನ ಮೋಟಾರ್ ಸೈಕಲ್‌ಗಳು ಅಲ್ಲಿಂದ ದೇಶದ ಮೂಲೆ ಮೂಲೆಗೂ ಹೋದವು. ಆ ಬೈಕಿನ ಸದ್ದು ಕೇಳಿಯೇ ಮನೆಗೆ ಬಂದವರು ಯಾರೆಂದು ಗುರುತಿಸುತ್ತಿದ್ದ ಹಿರಿಯರು ನಮ್ಮ ನಡುವೆ ಈಗಲೂ ಇದ್ದಾರೆ.

1996ರಲ್ಲಿ ಅದಕ್ಕೆ ಬೀಗ ಬಿತ್ತು. ಎಂಬತ್ತರ ದಶಕದಲ್ಲಿ ಸರಕಾರವು ಜಪಾನಿ ಸಹಯೋಗಕ್ಕೆ ಬಾಗಿಲು ತೆರೆದಾಗ ಕಡಿಮೆ ಪೆಟ್ರೋಲ್ ಕುಡಿಯುವ 100 ಸಿಸಿ ಬೈಕ್‌ಗಳು ಬಂದವು. ಅದರ ಬೆನ್ನಿಗೇ ಹೊಗೆಯ ನಿಯಮಗಳು ಬಿಗಿಯಾದವು. ಹಳೆಯ ಟೂ ಸ್ಟ್ರೋಕ್ ಇಂಜಿನ್ ಈ ಎರಡನ್ನೂ ತಾಳಲಿಲ್ಲ. ಸರಕಾರ ಹಣ ಸುರಿದಿದ್ದರೆ ಕಾರ್ಖಾನೆ ಉಳಿಯುತ್ತಿತ್ತೆಂದು ನಾವು ವಾದಿಸುವುದಿಲ್ಲ. ಬಹುಶಃ ಉಳಿಯುತ್ತಿರಲಿಲ್ಲ. ಆದರೆ ಕಾರ್ಖಾನೆಯನ್ನು ಉಳಿಸುವುದು ಬೇರೆ, ಅದರಲ್ಲಿ ದುಡಿದವರನ್ನು ಉಳಿಸುವುದು ಬೇರೆ.

ಮುಳುಗುವ ಖಾಸಗಿ ಕಂಪೆನಿಗಳ ಗೊಡವೆ ಸರಕಾರಕ್ಕೇಕೆ ಎನ್ನುವವರು ಮಾರುತಿಯನ್ನು ನೆನಪಿಸಿಕೊಳ್ಳಲಿ. ಪ್ರಧಾನಿಯ ಪುತ್ರ ಸಂಜಯ್ ಗಾಂಧಿ ಕಟ್ಟಿದ ಆ ಕಂಪೆನಿ ನೆಲಕಚ್ಚಿದ ಮೇಲೆ 1980ರಲ್ಲಿ ಕೇಂದ್ರವೇ ಅದನ್ನು ಸ್ವಾಧೀನಪಡಿಸಿಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಸ್ಥಾಪನೆಯಾಯಿತು. ಮನಸ್ಸಿದ್ದಲ್ಲಿ ಮಾರ್ಗವೂ ಇತ್ತು!

ಮಾರುಕಟ್ಟೆಯೇ ಸರ್ವಸ್ವವೆಂದು ಜಗತ್ತಿಗೆ ಪಾಠ ಹೇಳಿದ ಅಮೆರಿಕಾ ಮಾಡಿದ್ದೇನು? 2008ರ ನವೆಂಬರಿನಲ್ಲಿ ಅಲ್ಲಿನ ಕಾರು ಕಂಪೆನಿಗಳ ಮುಖ್ಯಸ್ಥರು ಖಾಸಗಿ ವಿಮಾನಗಳಲ್ಲಿ ವಾಷಿಂಗ್ಟನ್‌ಗೆ ಬಂದಿಳಿದು ಸರಕಾರದ ಮುಂದೆ ಕೈಚಾಚಿದರು. ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್, ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್‌ಗೆ 1,740 ಕೋಟಿ ಡಾಲರ್ ಸಾಲ ಘೋಷಿಸಿದರು. ಮುಂದಿನ ವರ್ಷ ಎರಡೂ ದಿವಾಳಿ ಅರ್ಜಿ ಹಾಕಿದವು. ಜನರಲ್ ಮೋಟಾರ್ಸ್‌ನ ಅರ್ಧಕ್ಕಿಂತ ಹೆಚ್ಚು ಷೇರು ಸರಕಾರದ ಕೈಸೇರಿತು. 2013ರಲ್ಲಿ ಕೊನೆಯ ಷೇರನ್ನೂ ಮಾರಿದಾಗ ಬೊಕ್ಕಸಕ್ಕೆ ಸಾವಿರ ಕೋಟಿ ಡಾಲರಿಗೂ ಮಿಕ್ಕಿದ ನಷ್ಟ. ಹಲವು ಕಾರ್ಖಾನೆಗಳು ಮುಚ್ಚಿದವು. ಆದರೂ ಒಂದು ಅಂಶ ಗಮನಾರ್ಹ: ನಿವೃತ್ತ ಕಾರ್ಮಿಕರ ಚಿಕಿತ್ಸೆಯ ನಿಧಿಗೆ ಹೊಸ ಕಂಪೆನಿಯ 17.5 ಶೇಕಡಾ ಪಾಲು ದೊರೆಯಿತು. ಯಾದವಗಿರಿಯ ಕಾರ್ಮಿಕನಿಗೆ ಅಂತಹ ಪಾಲನ್ನು ಕೊಡುವವರಾರು?

ನಮ್ಮ ಕಾನೂನು ಏನೂ ಹೇಳುವುದಿಲ್ಲವೆಂದಲ್ಲ. ಕಂಪೆನಿ ಮುಚ್ಚಿದರೆ ಕಾರ್ಮಿಕರ ಬಾಕಿಗೆ ಒತ್ತೆ ಹಿಡಿದ ಬ್ಯಾಂಕಿನಷ್ಟೇ ಸಮಾನ ಹಕ್ಕಿದೆಯೆಂದು 1985ರ ತಿದ್ದುಪಡಿ ಹೇಳಿತು. 2016ರ ದಿವಾಳಿ ಸಂಹಿತೆ ಆ ಸಮಾನತೆಯನ್ನು ಕೇವಲ 24 ತಿಂಗಳ ಬಾಕಿಗೆ ಸೀಮಿತಗೊಳಿಸಿತು. ಅದೂ ಆಸ್ತಿ ಮಾರಾಟವಾಗಿ, ವ್ಯಾಜ್ಯಗಳೆಲ್ಲ ಮುಗಿದ ಬಳಿಕ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದನ್ನು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಇಲ್ಲಿ ಬೆವರಲ್ಲ, ದುಡಿದವನ ಆಯುಷ್ಯವೇ ಆರಿಹೋಗುತ್ತದೆ.

ಯೆಜ್ದಿ ಎಂಬ ಹೆಸರು 2022ರಲ್ಲಿ ಮರಳಿ ಮಾರುಕಟ್ಟೆಗೆ ಬಂತು. ಆದರೆ ಬೈಕು ತಯಾರಾದದ್ದು ಮಧ್ಯಪ್ರದೇಶದ ಪಿತಾಂಪುರದಲ್ಲಿ. ಹೆಸರಿಗೆ ಮರುಜನ್ಮ ಸಿಕ್ಕಿತು, ಮೈಸೂರಿಗೆ ಕೆಲಸ ಸಿಗಲಿಲ್ಲ.

2021ರಲ್ಲಿ ಕೇಂದ್ರವು ವಾಹನೋದ್ಯಮಕ್ಕೆ 25,938 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಪ್ರಕಟಿಸಿತು. ಮಾರಾಟ ಹೆಚ್ಚಬೇಕು, ಬಿಡಿಭಾಗಗಳಲ್ಲಿ ದೇಶೀಯ ಪಾಲು ಇರಬೇಕು ಎಂಬಿತ್ಯಾದಿ ಷರತ್ತುಗಳು ಅದಕ್ಕಿವೆ. ನಾಳೆ ಆ ಕಾರ್ಖಾನೆ ಮುಚ್ಚಿದರೆ ಸಂಬಳದ ಬಾಕಿಯನ್ನು ಮೊದಲು ತೀರಿಸಬೇಕೆಂಬ ಷರತ್ತನ್ನೂ ಸೇರಿಸಿರೆಂದು ನಮ್ಮ ಸಂಸದರನ್ನು ನಾವು ಕೇಳಬೇಕಾಗಿದೆ. ತೆರಿಗೆಯ ಆ ಹಣದಲ್ಲಿ ಯಾದವಗಿರಿಯ ಕಾರ್ಮಿಕನು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ಪೈಸೆಯೂ ಸೇರಿದೆ.