ಒಂದು ಸಣ್ಣ ಊರಿನ ಅಪರಾಧ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಈ ಸಾಯಂಕಾಲ ಒಂದು ಕಾದಂಬರಿಯ ವಿಷಯ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ. ದಿನವಿಡೀ ಮಗ್ಗದ ಮುಂದೆ ನಿಂತವರಿಗೆ, ಅಂಗಡಿಯ ಗಲ್ಲಾದ ಮುಂದೆ ಕೂತವರಿಗೆ ಕಾದಂಬರಿಯಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ಕಥೆಯನ್ನು ಕೇಳಿ ಆಮೇಲೆ ನೀವೇ ಹೇಳಿ.

ಪುಸ್ತಕದ ಹೆಸರು ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಬರೆದಾಕೆ ಹಾರ್ಪರ್ ಲೀ ಎಂಬ ಅಮೆರಿಕದ ಮಹಿಳೆ. 1926ರಲ್ಲಿ ಅಲಬಾಮ ಸಂಸ್ಥಾನದ ಮನ್ರೋವಿಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, 2016ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1960ರಲ್ಲಿ. ಮರುವರ್ಷವೇ ಪುಲಿಟ್ಜರ್ ಬಹುಮಾನ ಬಂತು. ಮಾಕಿಂಗ್‌ಬರ್ಡ್ ಎಂದರೆ ಬೆಳೆ ತಿನ್ನದ, ಯಾರಿಗೂ ಕೇಡು ಮಾಡದ, ಹಾಡುವುದಷ್ಟನ್ನೇ ಬಲ್ಲ ಒಂದು ಹಕ್ಕಿ. ಅಂಥದನ್ನು ಕೊಲ್ಲುವುದು ಪಾಪ ಎಂಬ ನಂಬಿಕೆಯಿಂದ ಈ ಹೆಸರು.

ಕಥೆ ನಡೆಯುವುದು 1933ರಿಂದ 1935ರ ನಡುವೆ, ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ಜಗತ್ತನ್ನೇ ಹಿಡಿದಿದ್ದ ಆರ್ಥಿಕ ಮುಗ್ಗಟ್ಟಿನ ಕಾಲ. ಹತ್ತಿಗೆ ಬೆಲೆ ಇಲ್ಲ, ರೈತನ ಕೈಯಲ್ಲಿ ಕಾಸಿಲ್ಲ. ವಕೀಲನ ಫೀಜನ್ನು ಸೌದೆ ಸೊಪ್ಪು ತಂದಿಟ್ಟು ತೀರಿಸುವ ಜನ. ಕಥೆ ಹೇಳುವವಳು ಸ್ಕೌಟ್ ಎಂಬ ಹುಡುಗಿ. ಕಥೆ ಮೊದಲಾದಾಗ ಆಕೆಗೆ ಆರು ವರ್ಷ, ಅಣ್ಣ ಜೆಮ್‌ಗೆ ಹತ್ತು. ತಾಯಿಲ್ಲದ ಮಕ್ಕಳು, ತಂದೆ ಆಟಿಕಸ್ ಫಿಂಚ್ ಊರಿನ ವಕೀಲ. ಟಾಮ್ ರಾಬಿನ್‌ಸನ್ ಎಂಬ ಕರಿಯ ಕೂಲಿಯಾಳು ಬಿಳಿಯರ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದನೆಂದು ಮೊಕದ್ದಮೆ ಆಗುತ್ತದೆ. ಅವನ ಪರ ವಾದಿಸುವ ಹೊಣೆ ಈ ವಕೀಲನ ಮೇಲೆ ಬೀಳುತ್ತದೆ.

ಈ ಟಾಮ್‌ನ ಎಡಗೈಯನ್ನು ಗಿರಣಿಯ ಸೋದರರು ವಿಶೇಷವಾಗಿ ಗಮನಿಸಬೇಕು. ಹುಡುಗನಾಗಿದ್ದಾಗ ಹತ್ತಿಯ ಜಿನ್ನಿಗೆ ಸಿಕ್ಕು, ಮಾಂಸಖಂಡ ಹರಿದು, ಆ ಕೈ ನಿಷ್ಪ್ರಯೋಜಕವಾಗಿದೆ. ಹುಡುಗಿಗೆ ಪೆಟ್ಟು ಬಿದ್ದದ್ದು ಮುಖದ ಬಲಮಗ್ಗುಲಿಗೆ. ಎದುರು ನಿಂತು ಹೊಡೆದವನು ಎಡಚನಿರಬೇಕು. ಅವಳ ತಂದೆ ಬಾಬ್ ಯೂವೆಲ್ ಎಡಚನೆಂಬುದು ನ್ಯಾಯಾಲಯದಲ್ಲೇ ಎಲ್ಲರ ಕಣ್ಣೆದುರು ಸ್ಥಿರಪಡುತ್ತದೆ. ಯಂತ್ರ ಕಸಿದುಕೊಂಡ ಆ ಕೈಯೇ ಅವನ ನಿರಪರಾಧಕ್ಕೆ ಸಾಕ್ಷಿ. ಆದರೂ ಹನ್ನೆರಡು ಮಂದಿ ಪಂಚರು ಕೆಲವು ಗಂಟೆ ಒಳಗೆ ಕೂತು ಹೊರಬಂದು, ಅಪರಾಧಿ ಎನ್ನುತ್ತಾರೆ. ನಮ್ಮಲ್ಲಿ ಅಪರಾಧ ಮೊಕದ್ದಮೆಗಳಿಗೆ ಈ ಜ್ಯೂರಿ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಕೊನೆಗೊಂಡಿತು. ಅಲ್ಲಿ ಇಂದಿಗೂ ಇದೆ. ಮುಂದೆ ಸೆರೆಮನೆಯ ಬೇಲಿ ಹತ್ತಿ ಓಡಲು ಹೋದ ಟಾಮ್‌ನ ಮೈಗೆ ಕಾವಲುಗಾರರು ಹದಿನೇಳು ಗುಂಡು ಹೊಡೆಯುತ್ತಾರೆ.

ಇಷ್ಟು ಕಥೆ. ಈಗ ಪ್ರಶ್ನೆ: ಇದನ್ನು ಮಾಡಿದವರು ಯಾರು? ರಾಕ್ಷಸರಲ್ಲ. ಪಂಚರಲ್ಲಿ ಹೆಚ್ಚಿನವರು ಬಿಸಿಲಿನಲ್ಲಿ ಬೆಂದ ಬಡ ರೈತರು. ಫಿರ್ಯಾದಿ ಯೂವೆಲ್ ಊರಿನ ತಿಪ್ಪೆಯ ಹಿಂದೆ ಮುರುಕು ಗುಡಿಸಲಿನಲ್ಲಿ ಇರುವವನು. ಸರ್ಕಾರದ ಸಹಾಯಧನ ಬಂದರೆ ಅದನ್ನೂ ಹೆಂಡಕ್ಕೆ ಸುರಿಯುವವನು. ಅವನ ಪಾಲಿಗೆ ಉಳಿದಿರುವ ಆಸ್ತಿ ಒಂದೇ, ಬಿಳಿಯ ಚರ್ಮ. ನನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನವನ್ನು ಬಡವನಿಗೆ ಕೊಟ್ಟುಬಿಟ್ಟರೆ, ತನ್ನ ಮೇಲೆ ಕೂತವನು ಯಾರೆಂದು ಅವನು ತಲೆಯೆತ್ತಿ ನೋಡುವುದೇ ಇಲ್ಲ. ಸಾಕ್ಷಿ ಹೇಳುವಾಗ ಟಾಮ್, ಆ ಹುಡುಗಿಯನ್ನು ಕಂಡು ತನಗೆ ಮರುಕ ಬಂತು, ಆದ್ದರಿಂದ ಅವಳ ಕೆಲಸಕ್ಕೆ ಕೈಗೂಡಿಸಿದೆ ಎನ್ನುತ್ತಾನೆ. ಅಷ್ಟೇ ಸಾಕಾಯಿತು. ಕರಿಯನೊಬ್ಬ ಬಿಳಿಯಳಿಗೆ ಮರುಕ ತೋರಿಸುವುದೇ? ಆ ಸಭೆಗೆ ಆರೋಪಕ್ಕಿಂತ ಈ ಮಾತೇ ದೊಡ್ಡ ಅಪರಾಧವಾಗಿ ಕಂಡಿತು.

ಇದು ಬರಿಯ ಕಲ್ಪನೆಯೆಂದು ತಿಳಿಯಬೇಡಿ. 1919ರಲ್ಲಿ ಲೇಖಕಿಯ ತಂದೆಯೇ ಅಂಗಡಿಕಾರನೊಬ್ಬನ ಕೊಲೆಯ ಆರೋಪ ಹೊತ್ತ ಇಬ್ಬರು ಕರಿಯರ ಪರ ವಾದಿಸಿ ಸೋತರು, ಇಬ್ಬರಿಗೂ ಗಲ್ಲಾಯಿತು. 1931ರಲ್ಲಿ ಇದೇ ಅಲಬಾಮದಲ್ಲಿ, ಸಾಮಾನು ಗಾಡಿ ಹತ್ತಿ ಹೊರಟಿದ್ದ ಒಂಬತ್ತು ಕರಿಯ ಹುಡುಗರನ್ನು ಇಂಥದೇ ಆರೋಪದ ಮೇಲೆ ಹಿಡಿದರು. ಎರಡು ವಾರದ ಸುಮಾರಿಗೆ ಸ್ಕಾಟ್ಸ್‌ಬರೋ ನ್ಯಾಯಾಲಯ ಎಂಟು ಮಂದಿಗೆ ಮರಣದಂಡನೆ ವಿಧಿಸಿತು. ಆರೋಪ ಮಾಡಿದ ಇಬ್ಬರು ಹೆಂಗಸರು ಹತ್ತಿ ಗಿರಣಿಯ ಕೆಲಸಗಾರರು. ಅವರಲ್ಲಿ ಒಬ್ಬಳಾದ ರೂಬಿ ಬೇಟ್ಸ್ 1933ರಲ್ಲಿ ನ್ಯಾಯಾಲಯಕ್ಕೆ ಬಂದು, ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡಳು. ಆದರೂ ಪಂಚರು ಮತ್ತೆ ಅಪರಾಧಿ ಎಂದೇ ತೀರ್ಪಿತ್ತರು! ದೇಶವಿದೇಶಗಳಲ್ಲಿ ಕೂಗೆದ್ದದ್ದರಿಂದ, ವಕೀಲರು ಬಿಡದೆ ಹೋರಾಡಿದ್ದರಿಂದ ಯಾರಿಗೂ ಗಲ್ಲಾಗಲಿಲ್ಲ. ಆದರೆ ಯೌವನವೆಲ್ಲ ಸೆರೆಮನೆಯಲ್ಲಿ ಕಳೆಯಿತು. ಕೊನೆಯ ಕ್ಷಮಾಪಣೆಗಳು ಬಂದದ್ದು 2013ರಲ್ಲಿ. ಆಗ ಒಂಬತ್ತು ಮಂದಿಯಲ್ಲಿ ಒಬ್ಬನೂ ಬದುಕಿರಲಿಲ್ಲ.

ನಾನು ಕೆಲವು ವರ್ಷ ಮೇಷ್ಟ್ರಾಗಿದ್ದವನು. ಆದ್ದರಿಂದ ಪುಸ್ತಕದ ಒಂದು ಸಣ್ಣ ಪ್ರಸಂಗ ನನ್ನನ್ನು ಬಹಳ ಕಾಡಿತು. ಸ್ಕೌಟ್‌ಳ ಉಪಾಧ್ಯಾಯಿನಿ ತರಗತಿಯಲ್ಲಿ, ಹಿಟ್ಲರ್ ಯಹೂದಿಗಳನ್ನು ಹಿಂಸಿಸುವುದು ಮಹಾ ಅನ್ಯಾಯ, ನಮ್ಮದು ಪ್ರಜಾಪ್ರಭುತ್ವ ಎಂದು ಪಾಠ ಹೇಳುತ್ತಾಳೆ. ಅದೇ ಉಪಾಧ್ಯಾಯಿನಿ ನ್ಯಾಯಾಲಯದ ಮೆಟ್ಟಿಲಿನ ಮೇಲೆ, ಈ ಕರಿಯರಿಗೆ ಬುದ್ಧಿ ಕಲಿಸಬೇಕಾದದ್ದೇ ಎಂದದ್ದನ್ನು ಹುಡುಗಿ ಕೇಳಿಸಿಕೊಂಡಿದ್ದಾಳೆ. ಎರಡನ್ನೂ ಹೇಗೆ ಹೊಂದಿಸಬೇಕೆಂದು ಅವಳಿಗೆ ತಿಳಿಯುವುದಿಲ್ಲ. ಮಕ್ಕಳು ದೊಡ್ಡವರಾಗುವುದು ಹೀಗೆ. ಕರಿಹಲಗೆಯ ಮೇಲೆ ಬರೆದದ್ದು ಅಳಿಸಿಹೋಗುತ್ತದೆ. ಮೆಟ್ಟಿಲ ಮೇಲೆ ಕೇಳಿದ್ದು ಅಳಿಸುವುದಿಲ್ಲ.

ಆದರೆ ಆ ಊರಿನಲ್ಲಿ ಬೆಳಕೇ ಇರಲಿಲ್ಲವೆನ್ನಲಾರೆವು. ಟಾಮ್‌ನನ್ನು ಸೆರೆಮನೆಯಿಂದ ಎಳೆದೊಯ್ದು ಕೊಲ್ಲಲು ರಾತ್ರಿ ಗುಂಪು ಬಂದಾಗ, ಸ್ಕೌಟ್ ಆ ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆಯನ್ನು ಗುರುತಿಸಿ, ಹೆಸರು ಹಿಡಿದು ಮಾತಾಡಿಸಿ ಮಗನ ಕ್ಷೇಮ ವಿಚಾರಿಸುತ್ತಾಳೆ. ಗುಂಪಿನಲ್ಲಿ ಕರಗಿಹೋಗಿದ್ದವನು ತಟ್ಟನೆ ಮತ್ತೆ ಮನುಷ್ಯನಾಗುತ್ತಾನೆ. ತನ್ನವರನ್ನು ಕರೆದುಕೊಂಡು ಹಿಂದಿರುಗುತ್ತಾನೆ. ಇನ್ನೊಬ್ಬ ಲಿಂಕ್ ಡೀಸ್ ಎಂಬ ಅಂಗಡಿಕಾರ. ಟಾಮ್ ತನ್ನಲ್ಲಿ ಎಂಟು ವರ್ಷ ದುಡಿದಿದ್ದಾನೆ, ಒಂದು ತಂಟೆಯಿಲ್ಲ ಎಂದು ತುಂಬಿದ ನ್ಯಾಯಾಲಯದಲ್ಲಿ ಎದ್ದು ಕೂಗಿ, ನ್ಯಾಯಾಧೀಶನಿಂದ ಹೊರಕ್ಕೆ ಹಾಕಿಸಿಕೊಳ್ಳುತ್ತಾನೆ. ಟಾಮ್ ಸತ್ತ ಮೇಲೆ ಅವನ ವಿಧವೆಗೆ ಕೆಲಸ ಕೊಡುತ್ತಾನೆ. ಯೂವೆಲ್ ಆಕೆಯನ್ನು ದಾರಿಯಲ್ಲಿ ಕಾಡುವನೆಂದು ತಿಳಿದ ದಿನ ಅಂಗಡಿ ಮುಚ್ಚಿ ಆಕೆಯನ್ನು ತಾನೇ ಮನೆಗೆ ಬಿಟ್ಟು ಬರುತ್ತಾನೆ. ವ್ಯಾಪಾರಿ ಬಂಧುಗಳೇ, ಗಿರಾಕಿ ತಪ್ಪಿಹೋದಾನೆಂಬ ಭಯದಿಂದ ಎಷ್ಟು ಸಾರಿ ನಾವು ಬಾಯಿ ಮುಚ್ಚಿಕೊಂಡಿಲ್ಲ?

ಪುಸ್ತಕದಲ್ಲಿ ನನಗೆ ಒಪ್ಪದ ಅಂಶವೂ ಇದೆ. ಕಡೆಯಲ್ಲಿ ಯೂವೆಲ್ ಕತ್ತಲಲ್ಲಿ ವಕೀಲನ ಮಕ್ಕಳ ಮೇಲೆ ಬೀಳುತ್ತಾನೆ. ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಇರುತ್ತಿದ್ದ ನೆರೆಯವನೊಬ್ಬ ಬಂದು ಮಕ್ಕಳನ್ನು ಉಳಿಸುತ್ತಾನೆ, ಯೂವೆಲ್ ಸಾಯುತ್ತಾನೆ. ತನ್ನ ಚಾಕುವಿನ ಮೇಲೆ ತಾನೇ ಬಿದ್ದು ಸತ್ತನೆಂದು ಶೆರೀಫ್ ಬರೆದು ಮುಗಿಸುತ್ತಾನೆ. ಓದುವಾಗ ನಮಗೂ ಸಮಾಧಾನವೇ. ಆದರೆ ಯೋಚಿಸಿ: ಒಬ್ಬ ಬಿಳಿಯನನ್ನು ಉಳಿಸಲು ಇಷ್ಟು ಸುಲಭವಾಗಿ ಬಾಗಿದ ಕಾನೂನು, ನಿರಪರಾಧಿಯಾದ ಕರಿಯನಿಗಾಗಿ ಒಂದು ಅಂಗುಲವೂ ಬಾಗಲಿಲ್ಲ. ಎರಡನೆಯದಾಗಿ, ಇಲ್ಲಿ ಕರಿಯರು ಗ್ಯಾಲರಿಯಲ್ಲಿ ಮೌನವಾಗಿ ಕೂತು, ಒಳ್ಳೆಯ ವಕೀಲನಿಗೆ ಎದ್ದು ನಿಂತು ಗೌರವ ತೋರಿಸುತ್ತಾರೆ, ಅಷ್ಟೆ. ಚರಿತ್ರೆ ನಡೆದದ್ದು ಬೇರೆ ರೀತಿ. ಅದೇ ಅಲಬಾಮದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು, ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸ್ಥಳ ಬಿಡಲು ಒಪ್ಪದೆ ದಸ್ತಗಿರಿಯಾದರು. ಅಡಿಗೆಯವರು, ಅಗಸಗಿತ್ತಿಯರು, ಕೂಲಿಗಳು 381 ದಿನ ಬಸ್ಸು ಹತ್ತದೆ ಕೆಲಸಕ್ಕೆ ನಡೆದುಹೋದರು. ಗೆದ್ದರು. ಒಬ್ಬ ಸತ್ಪುರುಷನ ವಾದ ಸೋತಲ್ಲಿ ಸಾವಿರಾರು ಕಾಲುಗಳು ಗೆದ್ದವು.

ಹೀಗಿದ್ದರೂ ಪುಸ್ತಕವನ್ನು ಓದಿ, ಓದಲು ಬಾರದವರಿಗೆ ಹೇಳಿ ಎಂದೇ ನನ್ನ ಬಿನ್ನಹ. ಏಕೆಂದರೆ ಮೇಕೋಂಬ್ ಊರಿನ ಅಪರಾಧ ನಡೆದದ್ದು ಯೂವೆಲ್‌ನ ಗುಡಿಸಲಿನಲ್ಲಿ ಮಾತ್ರವಲ್ಲ. ನಿಜ ಗೊತ್ತಿದ್ದೂ ಸುಮ್ಮನಿದ್ದ ಪ್ರತಿ ಮನೆಯ ಜಗಲಿಯ ಮೇಲೂ ಅದು ನಡೆಯಿತು. ನಾಳೆ ನಮ್ಮ ಕೇರಿಯಲ್ಲಿ ಒಬ್ಬ ಬಡವನ ಮೇಲೆ ಆರೋಪ ಬಂದಾಗ, ಅವನ ಜಾತಿ ಯಾವುದೆಂದು ಕೇಳುವ ಮೊದಲು ಸಾಕ್ಷಿ ಏನಿದೆಯೆಂದು ಕೇಳೋಣ. ನಾವು ಏನು ಕೇಳುತ್ತೇವೆಂದು ನಮ್ಮ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.